ಅಳಿಸದೆ ಬಿಟ್ಟ ಕಂಬ

ಹೋದ ವಾರ ವಿಜಯಪುರದಲ್ಲಿ ಒಂದು ಸಿಮೆಂಟ್ ಕಂಬದ ಮುಂದೆ ಅರ್ಧ ಗಂಟೆ ಸುಮ್ಮನೆ ನಿಂತಿದ್ದೆ. ಗಟ್ಟಿಮುಟ್ಟಾದ ಕಂಬ. ನೂರು ವರ್ಷ ಅಲ್ಲಾಡುವುದಿಲ್ಲ. ನನ್ನ ಸಂಕಟವೇ ಅದು. ಆ ಕಂಬ ಅಲ್ಲಿ ಇರಲೇಬಾರದಿತ್ತು.

ನಿಮಗೆ ಗೊತ್ತಲ್ಲ, ನಾನು ದೊಡ್ಡಬಳ್ಳಾಪುರದಲ್ಲಿ ಮನೆ, ಮಳಿಗೆ, ಶೆಡ್ಡುಗಳ ಪ್ಲಾನ್ ಬರೆದು ಬದುಕುವವನು. (ಅಂಕಣ ಬರೆದು ಯಾರು ಬದುಕಿದ್ದಾರೆ?) ಎರಡು ವರ್ಷದಿಂದ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ಡ್ರಾಯಿಂಗ್ ಮಾಡುವುದು ಡಿಪ್ಲೊಮಾ ಮುಗಿಸಿ ಬಂದ ನಾಗರತ್ನ. ನಾನು ಅವಳ ಕುರ್ಚಿಯ ಹಿಂದೆ ನಿಂತು "ಹಂಗಲ್ಲಮ್ಮ, ಹಿಂಗೆ" ಅನ್ನುವವನು.

ಅನ್ವರ್ ಸಾಬರು ಇಲ್ಲೇ ನಮ್ಮ ಪಕ್ಕದ ವಿಜಯಪುರದವರು. ರೇಷ್ಮೆ ನೂಲು ಹುರಿ ಮಾಡುವ ಕಸುಬು. ಅವರ ಮಷೀನ್ ಒಂದು ಬೀದಿಯ ಬಾಡಿಗೆ ಶೆಡ್ಡಿನಲ್ಲಿ, ತಮ್ಮನ ಮಷೀನ್ ಇನ್ನೊಂದು ಬೀದಿಯಲ್ಲಿ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಕೆಲಸ ಮಾಡಬೇಕು ಅನ್ನುವುದು ತೀರಿಹೋದ ಅವರ ತಂದೆಯ ಆಸೆ. ಹಾಗಾಗಿ ಸ್ವಂತ ಶೆಡ್. ನನಗೆ ಹೇಳಿದ್ದು ಇಷ್ಟೇ: "ಎರಡು ಮಷೀನ್ ಪಕ್ಕಪಕ್ಕ ಕೂರ್ಬೇಕು ಸಾರ್. ಬೇರೆ ಹೆಂಗಾದ್ರೂ ಮಾಡಿ."

ಇಲ್ಲಿ ಸ್ವಲ್ಪ ಕಂಪ್ಯೂಟರ್ ಪಾಠ. ಪ್ಲಾನ್ ಒಂದು ಫೈಲ್, ಕಂಬಗಳು ಇನ್ನೊಂದು ಫೈಲ್. ಹಿಂದೆ ಟ್ರೇಸಿಂಗ್ ಹಾಳೆಯ ಕೆಳಗೆ ಮತ್ತೊಂದು ಹಾಳೆ ಇಟ್ಟು ನೋಡುತ್ತಿದ್ದೆವಲ್ಲ, ಹಾಗೆ. ಪ್ಲಾನ್ ತೆರೆದರೆ ಕಂಬಗಳು ತಾವಾಗಿಯೇ ಬಂದು ಕೂರುತ್ತವೆ. ಕಂಬದ ಫೈಲ್ ತಿದ್ದಿದರೆ ಸಾಕು, ಪ್ಲಾನಿನಲ್ಲೂ ತಿದ್ದಿದಂತೆ. ಆದರೆ ಕಂಬದ ಫೈಲ್ ಯಾವ ಫೋಲ್ಡರಿನಲ್ಲಿದೆ ಎಂದು ಮೊದಲ ದಿನ ಹೇಳಿರುತ್ತೇವೆ ನೋಡಿ, ಪ್ಲಾನ್ ಸಾಯುವತನಕ ಅಲ್ಲಿಗೇ ಹೋಗಿ ಹುಡುಕುತ್ತದೆ. ನಾವೇ ಹೊಸ ಜಾಗ ಹೇಳಬೇಕು.

ಪ್ಲಾನ್ ಅರ್ಧ ಆಗಿತ್ತು, ಆಯುಧಪೂಜೆ ಬಂತು. ಆಫೀಸು ತೊಳೆದೆವು. ಮಾನಿಟರಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದೆವು. ಕಂಪ್ಯೂಟರಿನ ಒಳಗೂ ಚೊಕ್ಕಟವಾಗಲಿ ಅನ್ನುವ ಬುದ್ಧಿ ಬಂದದ್ದು ನನಗೇ. ಕಾಗದ ಬರೆದರೂ ಮೇಲೆ 'ಶ್ರೀ' ಹಾಕುವ ಜನ ನಾವು. 'ಶ್ರೀ' ಅಂತ ಹೊಸ ಫೋಲ್ಡರ್ ಮಾಡಿಸಿ, ಎಲ್ಲ ಕೆಲಸವನ್ನೂ ಅದರೊಳಗೆ ಕಾಪಿ ಮಾಡಿಸಿದೆ.

ನಾಗರತ್ನ ಕೇಳಿದಳು: "ಸಾರ್, ಎರಡೆರಡು ಕಡೆ ಇದ್ರೆ ಗೊಂದಲ ಆಗುತ್ತೆ. ಹಳೇದು ಡಿಲೀಟ್ ಮಾಡ್ಬಿಡ್ಲಾ?"

ಶುಕ್ರವಾರ, ಹಬ್ಬ ಹರಿದಿನ ಮನೆಯಿಂದ ಏನನ್ನೂ ಆಚೆ ಹಾಕಬಾರದು ಎಂದು ಕಲಿಸಿದ ತಾಯಿಯ ಮಗ ನಾನು. "ಪೂಜೆ ದಿನ ಏನೂ ಅಳಿಸ್ಬೇಡಮ್ಮ. ಇರ್ಲಿ ಬಿಡು, ಅನ್ನ ಕೇಳುತ್ತಾ ಅದು?" ಅಂದೆ.

ಇತ್ತು. ಅನ್ನ ಕೇಳಲಿಲ್ಲ.

ಹಬ್ಬ ಕಳೆದ ಮೇಲೆ ಅನ್ವರ್ ಸಾಬರು ಬಂದರು. ಪ್ಲಾನ್ ಮೇಲೆ ಬೆರಳಿಟ್ಟು, "ಈ ಕಂಬ ನಮ್ ತಮ್ಮನ ಮಷೀನ್ ಮೇಲೇ ಕೂತದೆ ಸಾರ್," ಅಂದರು. ಸರಿಯಾಗಿಯೇ ಹೇಳಿದ್ದರು. ನನಗೆ ಕಾಣದ್ದು ಅವರಿಗೆ ಕಂಡಿತ್ತು. ಕಂಬಗಳ ಲೆಕ್ಕ ಹಾಕಿಕೊಟ್ಟ ಇಂಜಿನಿಯರ್ ಹತ್ತಿರ ಹೋಗಿ, ಆ ಕಂಬವನ್ನು ಗೋಡೆ ಪಕ್ಕಕ್ಕೆ ಸರಿಸಲು ಒಪ್ಪಿಸಿದೆ. ನಾಗರತ್ನ ತಿದ್ದಿದಳು. ಎಲ್ಲಿ? 'ಶ್ರೀ' ಒಳಗಿನ ಹೊಸ ಫೈಲಿನಲ್ಲಿ. ಪ್ಲಾನ್ ನೋಡುತ್ತಿದ್ದದ್ದು? ಹಳೆಯ ಫೋಲ್ಡರಿನ ಹಳೆಯ ಕಂಬವನ್ನು. ಹಳೆಯದನ್ನು ಅಳಿಸಿದ್ದರೆ, ಕಂಬದ ಫೈಲ್ ಸಿಗಲಿಲ್ಲ ಎಂದು ಕಂಪ್ಯೂಟರ್ ಬಾಯಿಬಿಟ್ಟು ಹೇಳುತ್ತಿತ್ತು. ಸಿಕ್ಕಿತಲ್ಲ, ಸುಮ್ಮನಾಯಿತು.

ಮಾರನೆಯ ದಿನ ಅವಳು ಅಕ್ಕನ ಮದುವೆಗೆಂದು ರಜೆ ಹಾಕಿದಳು. ಪ್ಲಾನ್ ತೆರೆದು ಪ್ರಿಂಟ್ ತೆಗೆದವನು ನಾನು. ಮೂಲೆಯಲ್ಲಿ ಹೊಸ ತಾರೀಖು ಇತ್ತು. ಅಷ್ಟೇ ನೋಡಿದೆ, ಸಹಿ ಹಾಕಿದೆ. ಆಮೇಲೆ ಸೈಟಿಗೆ ಹೋಗಬೇಕಿತ್ತು. ಇವತ್ತು ನಾಳೆ ಅಂದುಕೊಂಡು ಹೋಗಲಿಲ್ಲ. ಇದಕ್ಕೆ ಯಾವ ಸಬೂಬು ಹೇಳಲಿ?

ಹೋದ ವಾರ ಹೋದೆ. ಸೂರಿಗೆ ಕಾಂಕ್ರೀಟ್ ಮೋಲ್ಡ್ ಹಾಕಿ, ಕೆಳಗೆ ಆನಿಸಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿ ಆಗಿತ್ತು. ಶೆಡ್ಡಿನ ನಡುವೆ ಆ ಕಂಬ ಸೂರು ಹೊತ್ತು ನಿಂತಿತ್ತು.

"ಕಂಬ ಎದ್ದಾಗ ನೀವು ಕೇಳ್ಲಿಲ್ವಾ?" ಅಂದೆ. (ನಾಚಿಕೆಗೆಟ್ಟ ಪ್ರಶ್ನೆ. ಒಪ್ಪುತ್ತೇನೆ.)

"ಕೇಳ್ದೆ ಸಾರ್. ಮೇಸ್ತ್ರಿ ನಿಮ್ ಕಾಗದ ತೋರಿಸ್ದ. ಕೆಳಗಡೆ ನಿಮ್ ಸಹಿ ಇತ್ತು. ನೀವು ದೊಡ್ಡೋರು, ಏನೋ ಯೋಚ್ನೆ ಮಾಡಿರ್ತೀರ ಅಂತ ಸುಮ್ನಾದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಅವರ ತಮ್ಮ ಅಷ್ಟು ದೂರದಲ್ಲಿ ತನ್ನ ಮಷೀನಿಗೆ ಬಿಟ್ಟಿದ್ದ ಜಾಗವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ. ಕಂಬದ ತನಕ ಬರುವುದು, ನಿಲ್ಲುವುದು. ಮತ್ತೆ ಹಿಂದಕ್ಕೆ ಹೋಗಿ ಅಳೆಯುವುದು.

ಎಸ್‌ಟಿಡಿ ಬೂತಿನಿಂದ ಇಂಜಿನಿಯರಿಗೆ ಫೋನ್ ಮಾಡಿದೆ. "ಆ ಕಂಬ ಮುಟ್ಟಿದ್ರೆ ಸೂರು ಕೆಳಗಿರುತ್ತೆ" ಅಂದರು. ಕಂಬ ಬಿಟ್ಟು ಸೂರೊಂದನ್ನೇ ಉಳಿಸಿಕೊಳ್ಳುವ ದಾರಿ ಅವರಿಗೂ ಗೊತ್ತಿರಲಿಲ್ಲ. ತಮ್ಮನ ಮಷೀನ್ ಬಾಡಿಗೆ ಶೆಡ್ಡಿನಲ್ಲೇ ಉಳಿಯಿತು.

ಹೊರಡುವಾಗ ಅನ್ವರ್ ಸಾಬರು ಬಸ್‌ಸ್ಟ್ಯಾಂಡಿನವರೆಗೂ ಬಂದರು. ಟೀ ಕುಡಿಸಿದರು.

ಆಫೀಸಿಗೆ ಬಂದವನೇ ನಾಗರತ್ನಳಿಗೆ ಹಳೆಯ ಫೋಲ್ಡರ್ ಅಳಿಸಲು ಹೇಳಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು, ನನ್ನ ಮುಖ ನೋಡಿದಳು. ಒಂದು ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ಅವತ್ತು ಶುಕ್ರವಾರ ಅನ್ನುವುದು ಇನ್ನು ಯಾರಿಗೆ ಬೇಕು?