ಕೆನ್ನೆಯಲ್ಲ, ಬಟ್ಟೆ ನೋಡಿ

ಬಣ್ಣದಂಗಡಿಯಲ್ಲಿ ಹದಿನಾಲ್ಕು ವರ್ಷ ಡಬ್ಬಿ ಕಲಕಿದ ಮನುಷ್ಯ ಅವನು. ಗೋಡೆಯಿಂದ ಕೆರೆದು ತಂದ ಉಗುರಿನಷ್ಟು ಚಕ್ಕೆ ಕೊಟ್ಟರೆ ಸಾಕು, ಅದೇ ಬಣ್ಣ ಬೆರೆಸಿಕೊಡುತ್ತಿದ್ದ. ಅಂಥವನ ಮಗಳ ಮಲ ಸುಣ್ಣದಂತೆ ಬೆಳ್ಳಗಿತ್ತು. ಹಾಲು ಕುಡಿಯುವ ಕೂಸಿನದು ಹಾಗೇ ಇರುತ್ತದೆಂದು ಮನೆಮಂದಿಯೆಲ್ಲ ಅವನ ಬಾಯಿ ಮುಚ್ಚಿಸಿದರು. ಅವನು ಕೂಸಿನ ಹೊಲಸು ಬಟ್ಟೆಯನ್ನೇ ಗಂಟು ಕಟ್ಟಿಕೊಂಡು ಆಸ್ಪತ್ರೆಗೆ ಹೋದ. ಪಿತ್ತನಾಳ ಮುಚ್ಚಿಹೋಗಿದ್ದು ಆಗಲೇ ಗೊತ್ತಾದದ್ದು. ಎರಡು ತಿಂಗಳ ಕೂಸಿನ ಹೊಟ್ಟೆ ಕೊಯ್ದು, ಕರುಳನ್ನು ನೇರ ಯಕೃತ್ತಿಗೇ ಜೋಡಿಸಿದರು.

ಆಮೇಲೆ ಸ್ಟೀರಾಯ್ಡ್ ಶುರುವಾಯಿತು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ: ಇದರಿಂದ ಪಿತ್ತ ಹರಿದೇ ಹರಿಯುತ್ತದೆಂಬ ಖಾತ್ರಿಯಿಲ್ಲ, ಕೆಲವು ಡಾಕ್ಟರುಗಳು ಕೊಡುವುದೂ ಇಲ್ಲ, ಕೊಟ್ಟರೆ ವಾರವಾರಕ್ಕೂ ಅಳತೆ ಇಳಿಸುತ್ತ ಹೋಗಬೇಕು. ಪಿತ್ತ ಹರಿದರೆ ಮಲಕ್ಕೆ ಹಸಿರು ಬೆರೆತ ಹಳದಿ ಬಣ್ಣ ಬರುತ್ತದೆ. ಹರಿಯದಿದ್ದರೆ ಮುಂದೆ ಯಕೃತ್ತನ್ನೇ ಬದಲಿಸಬೇಕಾದೀತು.

ಎರಡು ವಾರದಲ್ಲಿ ಕೂಸಿನ ಕೆನ್ನೆ ಉಬ್ಬಿತು. ಮನೆಯಲ್ಲೇ ಇದ್ದ ಅವನ ಅತ್ತೆಗೆ ಹಿಗ್ಗೋ ಹಿಗ್ಗು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ಅದು ಮೈ ತುಂಬಿದ್ದಲ್ಲ, ಔಷಧಿಯ ಬಾವು ಎಂದು ಅವನು ನೂರು ಸಲ ಹೇಳಿದ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತೇನೋ. ಔಷಧಿ ಇಳಿಸಿದಾಗ ಕೆನ್ನೆಯೂ ಇಳಿಯಿತು. ಶನಿವಾರದವರೆಗೆ ಬರಬೇಕಿದ್ದ ಬಾಟಲಿ ಮಂಗಳವಾರ ಬೆಳಿಗ್ಗೆಯೇ ಖಾಲಿ.

"ಎಷ್ಟು ಹಾಕಿದ್ರಿ, ಅತ್ತೆ?"

"ಮೊದಲು ಹಾಕ್ತಿದ್ದಷ್ಟೇ. ಮಗು ಸೊರಗ್ತಿದ್ರೆ ನೋಡ್ಕೊಂಡು ಕೂತಿರ್ಲಾ? ನಿಮ್ಮದೋ ಬಿಗಿ ಕೈ."

"ಅದೇನು ಹಾಲು ಅಂದ್ಕೊಂಡ್ರಾ?"

ಅವನ ಹೆಂಡತಿ ಗಂಡನನ್ನೂ ಅಮ್ಮನನ್ನೂ ಅವರ ಜಗಳಕ್ಕೇ ಬಿಟ್ಟು ಎದ್ದಳು. ಕೂಸನ್ನೆತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಮೂವರೂ ಆಸ್ಪತ್ರೆಯ ಸಾಲಿನಲ್ಲಿ ಮಧ್ಯಾಹ್ನದವರೆಗೆ ಕಾಲು ಸವೆಸಿದರು. ಡಾಕ್ಟರಮ್ಮ ಬೈದದ್ದು ಅತ್ತೆಗಲ್ಲ, ಅವನಿಗೆ. ಇಷ್ಟು ಕೊಟ್ಟಮೇಲೆ ಒಮ್ಮೆಗೇ ನಿಲ್ಲಿಸುವಂತಿಲ್ಲ, ಮತ್ತೆ ಮೇಲಿನಿಂದಲೇ ಇಳಿಸಿಕೊಂಡು ಬರಬೇಕು. ಜ್ವರ ಬಂದರೆ ಒಂದು ಗಳಿಗೆಯೂ ಕಾಯದೆ ಓಡಿಬರಬೇಕು. ಪಿತ್ತ ಹರಿಯುತ್ತಿದೆಯೋ ಇಲ್ಲವೋ ಎಂದು ಅವನು ಕೇಳಿದ. ರಕ್ತದಲ್ಲಿ ಕಾಮಾಲೆಯ ಅಂಶ ಅರ್ಧಕ್ಕಿಳಿದಿದೆ, ಇನ್ನೊಂದು ತಿಂಗಳು ಕಳೆಯದೆ ಏನೂ ಹೇಳಲಾಗದು ಎಂದರು. ಅಷ್ಟು ಕೇಳಲು ಅರ್ಧ ದಿನದ ರಜೆ ಹೋಯಿತು.

ಬಸ್ಸಿನಲ್ಲಿ ಅತ್ತೆ ಕೇಳಿದಳು, "ಹಾಗಾದ್ರೆ ನಾನೇನು ನೋಡ್ಬೇಕು?"

"ಬಟ್ಟೆ ನೋಡಿ. ಕೆನ್ನೆ ಅಲ್ಲ."

ಮರುದಿನ ಅಂಗಡಿಯಲ್ಲಿ ಗಂಡಹೆಂಡಿರಿಬ್ಬರು ಮಲಗುವ ಕೋಣೆಗೆ ಬಣ್ಣ ಆರಿಸುತ್ತ ಒಂದು ಗಂಟೆಯಿಂದ ಅವನ ಜೀವ ತಿನ್ನುತ್ತಿದ್ದಾಗ ಫೋನು ಬಂತು.

"ಅಳಿಯಂದ್ರೇ, ಹಳದಿ ಇದೆ. ನಿನ್ನೆಗಿಂತ ತಿಳಿಯೋ ಗಾಢವೋ ಗೊತ್ತಾಗ್ತಿಲ್ಲ."

"ದೀಪದ ಕೆಳಗೆ ನೋಡ್ಬೇಡಿ, ಕಿಟಕಿ ಹತ್ರ ಹೋಗಿ. ಹಸಿರು ಬೆರೆತಿದೆಯಾ?"

"ಹಸಿರು ಬೆರೆತ ಹಳದಿನಾ?" ಗಿರಾಕಿ ಹೆಂಗಸು ಮುಂದೆ ಬಾಗಿದಳು. "ಅದನ್ನ ನಮಗೂ ತೋರ್ಸಿ."

ಅವನು ಕೈಯೆತ್ತಿ ಅವಳನ್ನು ತಡೆದ. ಆ ಕಡೆ ಪರದೆ ಸರಿಸಿದ ಸದ್ದು.

"ಇದೆ," ಎಂದಳು ಅತ್ತೆ. "ಸ್ವಲ್ಪ. ಇದೆ ಅನ್ಸುತ್ತೆ."

"ಅನ್ಸೋದು ಬೇಡ. ಒಗೀಬೇಡಿ, ನಾನು ಬರೋವರೆಗೂ ಹಾಗೇ ಇಡಿ."