ಕುಂಬಳಕಾಯಿ ಕೋಣೆಯ ಹುಳದಣ್ಣ

ಕುಂಬಳಕಾಯಿ ಕೋಣೆಯ ಬೀಗ ತೆಗೆಯುವ ಮುನ್ನ ಹುಳದಣ್ಣ ತನ್ನ ಎರಡೂ ಅಂಗೈಗಳನ್ನು ಮೂಸಿ ನೋಡುತ್ತಾನೆ. ಸೋಪಿನದೋ, ತಲೆಯೆಣ್ಣೆಯದೋ, ಬಸ್ಸಿನಲ್ಲಿ ಪಕ್ಕ ಕುಳಿತವರ ಸೆಂಟಿನದೋ ಒಂದಿಷ್ಟು ವಾಸನೆ ಇದ್ದರೂ ಸಾಕು, ತಿರುಗಿ ನಲ್ಲಿಯ ಕಡೆಗೆ ನಡೆಯುತ್ತಾನೆ. ಬರಿಯ ನೀರಿನಲ್ಲಿ ಕೈ ತಿಕ್ಕಿ, ಗಾಳಿಗೆ ಹಿಡಿದು ಒಣಗಿಸಿ, ಮತ್ತೆ ಮೂಸುತ್ತಾನೆ. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ಮಗಳ ಮದುವೆಯ ಮಾರನೆಯ ದಿನ ಎಷ್ಟು ತೊಳೆದರೂ ಅತ್ತರು ಬಿಡಲಿಲ್ಲವೆಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲ ಆಚೆ ನಿಂತೇ ಕೇಂದ್ರದ ವಿಜ್ಞಾನಿ ಮೇಡಂ ಕೈಯಲ್ಲಿ ಕೆಲಸ ಮಾಡಿಸಿದ್ದನಂತೆ.

ಅವನ ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾಳೆ. "ಬೇರೆಯವರಿಗೆ ಸವತಿ ಅಂದ್ರೆ ಒಬ್ಬಳು. ನನಗೆ ಸಾವಿರಾರು ಜನ! ಒಬ್ಬೊಬ್ಬಳೂ ಎಳ್ಳಿನ ಕಾಲು ಭಾಗ ಇಲ್ಲ. ಅವರ ದೆಸೆಯಿಂದ ನಾನು ತಲೆಗೊಂದು ಹೂವು ಮುಡಿದಿಲ್ಲ ನೋಡಿ."

ಹುಳದಣ್ಣ ಈ ಕೀಟ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದು ಕಾವಲುಗಾರನಾಗಿ. ಆ ವರ್ಷ ಯಾವುದೋ ದೇಶದಿಂದ ಹಿಟ್ಟು ತಿಗಣೆ ಬಂದು ಪಪ್ಪಾಯಿ ತೋಟಗಳ ಮೇಲೆ ಕುಳಿತಿತ್ತು. ಎಲೆ, ಕಾಯಿ, ಕಾಂಡ ಎಲ್ಲವೂ ಹಿಟ್ಟು ಚೆಲ್ಲಿದಂತೆ ಬೆಳ್ಳಗಾದವು. ಔಷಧಿ ಹೊಡೆದರೆ ಆ ಮೇಣದ ಹೊದಿಕೆಯ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಆಗ ಮೇಡಂ ದೂರದಿಂದ ಒಂದು ಪುಟ್ಟ ಡಬ್ಬಿ ತರಿಸಿದರು. ಅದರೊಳಗೆ ನಲವತ್ತು ಹಳದಿ ಚುಕ್ಕೆಗಳು. ಅವೂ ಕಣಜಗಳೇ ಅಂತೆ! ಕಚ್ಚುವುದಿಲ್ಲ, ಸದ್ದಿಲ್ಲ. ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟರೆ ಮುಗಿಯಿತು, ಮರಿ ಒಳಗಿನಿಂದ ತಿನ್ನುತ್ತಾ ಬೆಳೆಯುತ್ತದೆ. ತಿಗಣೆ ಊದಿ, ಕಂದು ಬಣ್ಣದ ಕಾಳಿನಂತೆ ಗಟ್ಟಿಯಾಗುತ್ತದೆ. ಎರಡು ವಾರಕ್ಕೆ ಆ ಕಾಳಿಗೊಂದು ತೂತು ಬಿದ್ದು ಹೊಸ ಕಣಜ ಹೊರಗೆ ಬರುತ್ತದೆ.

ಕಣಜ ಸಾಕಲು ತಿಗಣೆ ಬೇಕು, ತಿಗಣೆ ಸಾಕಲು ಕುಂಬಳಕಾಯಿ ಬೇಕು. ಕುಂಬಳಕಾಯಿ ಹೊರಲು ಆಳು ಬೇಕೆಂದು ಕಾವಲುಗಾರನನ್ನು ಒಳಗೆ ಕರೆದರು. ಒಳಗೆ ಹೋದವನು ಮತ್ತೆ ಗೇಟಿಗೆ ಬರಲಿಲ್ಲ. ಯಾವ ಕಾಯಿಗೆ ಎಷ್ಟು ತಿಗಣೆ ಹತ್ತಿಸಬೇಕು, ತೊಟ್ಟು ಯಾವಾಗ ಕೊಳೆಯುತ್ತದೆ, ಯಾವ ಪೆಟ್ಟಿಗೆಗೆ ಎಷ್ಟು ಗಾಳಿ ಬೇಕು, ಕೈಯ ಯಾವ ವಾಸನೆಗೆ ಕಣಜ ಕಂಗೆಡುತ್ತದೆ, ಎಲ್ಲವನ್ನೂ ನೋಡಿ ನೋಡಿಯೇ ಕಲಿತ. ಬೆಳೆಗಾರರು ಬಂದು ಬೆರಳುದ್ದದ ಗಾಜಿನ ಕೊಳವೆಗಳಲ್ಲಿ ಕಣಜಗಳನ್ನು ಒಯ್ದರು. ಮೂರು ವರ್ಷದಲ್ಲಿ ತೋಟಗಳು ಮತ್ತೆ ಹಸಿರಾದವು. ಆ ನಲವತ್ತರ ಸಂತತಿ ಮಾತ್ರ ಕೋಣೆಯೊಳಗೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಒಮ್ಮೆಯೂ ಕಡಿಯದೆ ನಡೆದುಬಂತು.

ಈ ವರ್ಷ ತಿಗಣೆ ಮತ್ತೆ ತಲೆಯೆತ್ತಿತು. ಇನ್ನೊಂದು ಕೇಂದ್ರದಲ್ಲಿದ್ದ ಕಣಜಗಳು ಕಳೆದ ಬೇಸಿಗೆಯಲ್ಲೇ ಸತ್ತುಹೋಗಿದ್ದವು. ಉಳಿದದ್ದು ಹುಳದಣ್ಣನ ಐದು ಪೆಟ್ಟಿಗೆ ಮಾತ್ರ.

ಅದೇ ಹೊತ್ತಿಗೆ ಪಟ್ಟಣಕ್ಕೆ ಸೊಳ್ಳೆ ಜ್ವರ ಬಂತು. ಕೋಣೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ದರ್ಜಿಯ ಮನೆ. ಅವನ ದೊಡ್ಡ ಮಗಳನ್ನು ಭಾನುವಾರ ಆಸ್ಪತ್ರೆಗೆ ಸೇರಿಸಿದರು. ಸೋಮವಾರ ಸಂಜೆ, ಯಾರೂ ಮುಂಚೆ ಹೇಳಿರಲಿಲ್ಲ, ಗಲ್ಲಿಯ ಬಾಯಲ್ಲಿ ಗಡಗಡ ಸದ್ದಾಯಿತು. ಹುಳದಣ್ಣ ಕಿಟಕಿಗೆ ಬಂದು ನೋಡಿದರೆ ಸೊಳ್ಳೆಗೆ ಹೊಗೆ ಬಿಡುವ ಗಾಡಿ.

ಚಪ್ಪಲಿಯನ್ನೂ ಮೆಟ್ಟದೆ ಓಡಿದ. "ಸ್ವಾಮಿ, ನಿಲ್ಲಿಸಿ, ಒಂದು ಗಳಿಗೆ ನಿಲ್ಲಿಸಿ! ಒಳಗೆ ಕಣಜ ಇವೆ, ಸತ್ತೋಗ್ತವೆ!"

ಹೊಗೆಯವನು ಮೂಗಿನ ಬಟ್ಟೆ ಸರಿಸಿದ. "ಏನು, ಜೇನಾ?"

"ಜೇನಲ್ಲಪ್ಪ, ಪಪ್ಪಾಯಿ ತೋಟಕ್ಕೆ ಬಿಡೋ ಹುಳ."

"ಅಣ್ಣಾ, ನಾನು ಬಂದಿರೋದೇ ಹುಳ ಸಾಯಿಸೋಕೆ. ಒಳ್ಳೆ ಹುಳ ಯಾವುದು, ಕೆಟ್ಟ ಹುಳ ಯಾವುದು ಅಂತ ಈ ಹೊಗೆಗೆ ಹೇಳ್ಕೊಡೋಕೆ ಆಗುತ್ತಾ? ಲಿಸ್ಟಲ್ಲಿ ಈ ಗಲ್ಲಿ ಇದೆ, ನಿಮ್ಮ ಹುಳ ಇಲ್ಲ. ಹೋಗಿ, ಕಿಟಕಿ ಮುಚ್ಕೊಳ್ಳಿ."

ಹುಳದಣ್ಣ ಕಿಟಕಿ ಮುಚ್ಚಿದ. ಒದ್ದೆ ಗೋಣಿಚೀಲಗಳನ್ನು ಸಂದುಗಳಿಗೆ ತುರುಕಿದ. ತನ್ನ ಅಂಗಿಯನ್ನೂ ಬಿಚ್ಚಿ ಬಾಗಿಲಡಿಗೆ ಒತ್ತಿದ. ಹೊಗೆಯೋ, ಹೆಂಚಿನ ಸಂದಿನಿಂದ ನಿಧಾನವಾಗಿ ಇಳಿದು ಬಂತು. ಅವನು ಪೆಟ್ಟಿಗೆಗಳ ಮೇಲೆ ಕೈ ಚಾಚಿಕೊಂಡು ನಿಂತ. ಅಂಗೈಯಗಲದ ನೆರಳಿನಿಂದ ಹೊಗೆ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ನಿಂತ. ನಮ್ಮ ಕೈಲಾಗದ ಹೊತ್ತಿನಲ್ಲಿ ಸುಮ್ಮನೆ ಹತ್ತಿರ ನಿಲ್ಲುವುದನ್ನೂ ದೇವರು ಲೆಕ್ಕಕ್ಕೆ ಹಿಡಿಯುತ್ತಾನೆಂದು ನಾನು ನಂಬಿದ್ದೇನೆ.

ಬೆಳಿಗ್ಗೆ ನಾಲ್ಕು ಪೆಟ್ಟಿಗೆಗಳ ತಳದಲ್ಲಿ ಹಳದಿ ಧೂಳು ಬಿದ್ದಿತ್ತು. ಭೂತಗನ್ನಡಿ ಹಿಡಿದರೆ ಮಾತ್ರ ಧೂಳಿಗೆ ಕಾಲು, ರೆಕ್ಕೆ ಕಾಣುತ್ತಿದ್ದವು. ಒಳಕೋಣೆಯ ಮೂಲೆಯಲ್ಲಿದ್ದ ಐದನೆಯದರಲ್ಲಿಯೂ ಹಾರಾಡುವ ಕಣಜ ಒಂದೂ ಇರಲಿಲ್ಲ. ಆದರೆ ಅಲ್ಲಿಯ ಕುಂಬಳಕಾಯಿಯ ತೊಟ್ಟಿನ ಸುತ್ತ ಅರವತ್ತರಷ್ಟು ಕಂದು ಕಾಳುಗಳು ತೂತು ಬೀಳದೆ ಉಳಿದಿದ್ದವು. ಒಳಗಿನ ಮರಿಗಳು ಬದುಕಿದ್ದರೆ ಗುರುವಾರ ಹೊರಬರಬೇಕು. ಹೊಗೆಗಾಡಿ ಎರಡನೇ ಸುತ್ತು ಬರುವುದೂ ಗುರುವಾರವೇ.

"ಆ ಒಂದು ಕಾಯಿ ಮಾತ್ರ ಎಲ್ಲಾದ್ರೂ ದೂರ ಒಯ್ದಿಟ್ಟರೆ ಮೇಡಂ?" ಎಂದು ಕೇಳಿದ.

ಮೇಡಂ ಭೂತಗನ್ನಡಿಯನ್ನು ಕೆಳಗಿಟ್ಟರು. "ನೀವೇ ಹೊಸಬರಿಗೆಲ್ಲ ಹೇಳಿಕೊಟ್ಟಿದ್ದೀರಲ್ಲ, ತಿಗಣೆ ಹತ್ತಿದ ಕಾಯಿ ಹೊಸ್ತಿಲು ದಾಟಬಾರದು ಅಂತ. ದಾರೀಲಿ ನಾಲ್ಕು ತಿಗಣೆ ಉದುರಿದ್ರೂ ಪಿಡುಗು ಹಂಚಿದವರು ನಾವೇ ಆಗ್ತೀವಿ. ನಗರಸಭೆಗೆ ಹೋಗಿ ಕೂತಿದ್ದೆ. ಜನ ಹೆಚ್ಚೋ ಹುಳ ಹೆಚ್ಚೋ ಅಂತ ಕೇಳಿದ್ರು. ಏನಂತ ಹೇಳಲಿ?"

"ಬರೀ ಕಾಳುಗಳನ್ನ ಬಿಡಿಸ್ಕೊಂಡು ಹೋದ್ರೆ?"

"ಹುಟ್ಟಿದ ಮೇಲೆ ಎರಡು ದಿನದೊಳಗೆ ಅವಕ್ಕೆ ತಿಗಣೆ ಬೇಕು, ಇಲ್ಲಿ ಹೊಗೆಯ ನಂಜು ಇಳಿಯೋಕೆ ಮೂರು ದಿನ ಬೇಕು. ತೋಟಕ್ಕೆ ಬಿಟ್ಟರೆ ಅಲ್ಲೂ ಎಲ್ಲರೂ ಔಷಧಿ ಹೊಡೀತಿದ್ದಾರೆ."

ಅಂದು ರಾತ್ರಿ ಅವನು ಊಟದ ತಟ್ಟೆ ಮುಟ್ಟಲಿಲ್ಲ. ಹೆಂಡತಿ ಸವತಿಯರ ಮಾತೆತ್ತಲಿಲ್ಲ. "ರೀ, ಒಂದು ತುತ್ತಾದ್ರೂ ತಿನ್ನಿ," ಎಂದಳು, ಅಷ್ಟೆ.

ಬುಧವಾರ ಮಧ್ಯಾಹ್ನ ದರ್ಜಿ ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದಿದ್ದ. ಗಲ್ಲಿಯಲ್ಲಿ ಎದುರು ಸಿಕ್ಕಿದಾಗ ಹುಳದಣ್ಣ, "ಮಗು ಹೇಗಿದೆ?" ಎಂದ.

"ಕಣ್ಣು ಬಿಟ್ಟಿದಾಳೆ. ಈಗ ಚಿಕ್ಕವಳಿಗೆ ಮೈ ಬಿಸಿ ಅಣ್ಣಾ," ಎಂದ ದರ್ಜಿ. ಕೈಯಲ್ಲಿದ್ದ ಲಂಗವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ದಿನವಿಡೀ ಬಟ್ಟೆ ಮಡಿಸುವ ಕೈಗೆ ಒಂದು ಲಂಗ ಮಡಿಸಲು ಬರುತ್ತಿರಲಿಲ್ಲ.

ಸಂಜೆ ಹೊಗೆಯವನು ಗಾಡಿಯಿಲ್ಲದೆ, ಒಬ್ಬನೇ ಬಂದ. ಹೊಸ್ತಿಲ ಆಚೆಯೇ ನಿಂತು ತಲೆ ಕೆರೆದುಕೊಂಡ.

"ಅಣ್ಣಾ, ಮೊನ್ನೆ ನಾನು ಒರಟಾಗಿ ಮಾತಾಡಿದೆ. ಮನೇಲಿ ಹೇಳಿದ್ರೆ ನನ್ನ ಭಾವ ಸರಿಯಾಗಿ ಉಗಿದ. ಅವನ ತೋಟ ಉಳಿದಿದ್ದು ನೀವು ಕೊಟ್ಟ ಹುಳದಿಂದ ಅಂತೆ."

"ಹಳೇ ಮಾತು ಬಿಡಪ್ಪ."

"ಬಿಡೋಕಲ್ಲ ಬಂದಿರೋದು. ನಾಳೆ ಈ ಗಲ್ಲೀಲಿ ಹೊಗೆ ಬಂದ್ ಮಾಡಿ ಬರೀ ಗಾಡಿ ಓಡಿಸ್ಕೊಂಡು ಹೋಗ್ತೀನಿ. ಸದ್ದು ಕೇಳಿದ್ರೆ ಸಾಕು, ಜನ ಹೊಗೆ ಬಂತು ಅಂತಲೇ ಅಂದ್ಕೋತಾರೆ. ಯಾರಿಗೂ ಗೊತ್ತಾಗಲ್ಲ."

ಹುಳದಣ್ಣನ ಎದೆ ಒಮ್ಮೆ ಹಗುರಾಯಿತು. ಇಷ್ಟೇ ತಾನೇ ಬೇಕಾಗಿದ್ದದ್ದು! ಒಳಕೋಣೆಯ ಕಡೆಗೆ ತಿರುಗಿ ನೋಡಿದ. ಮಧ್ಯಾಹ್ನವಷ್ಟೇ ಒಂದು ಕಾಳು ಬೆಳಕಿಗೆ ಹಿಡಿದಾಗ ಒಳಗೆ ಏನೋ ಮಿಸುಕಿದ್ದನ್ನು ಕಂಡಿದ್ದ. ಆಮೇಲೆ ಕಿಟಕಿಯಾಚೆಯ ದರ್ಜಿಯ ಮನೆಯ ಕಡೆಗೆ ನೋಡಿದ.

"ಏನಂತೀರಿ ಅಣ್ಣಾ? ಹೂಂ ಅನ್ನಿ ಸಾಕು."

"ಬೇಡಪ್ಪ," ಎಂದ ಹುಳದಣ್ಣ. ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದ. "ಬೇಡ. ದರ್ಜಿಯ ಚಿಕ್ಕ ಮಗಳಿಗೂ ಜ್ವರ ಬಂದಿದೆ. ಅವರ ಮನೆ ಹಿಂದೆ ಒಂದು ಮೋರಿ ಇದೆ, ಸೋಮವಾರ ನೀನು ಅಲ್ಲಿಗೆ ಹೋಗಲೇ ಇಲ್ಲ. ನಾಳೆ ಅಲ್ಲಿಗೂ ಹೊಗೆ ಬಿಡು."