ನೀಲಮ್ಮತ್ತೆಯ ದೆವ್ವವೂ ಸಿನಿಮಾದವರ ದೆವ್ವವೂ

ಪಕ್ಕದ ಕೋಣೆಯಲ್ಲಿ ಟಿವಿ ಕಿರುಚುತ್ತಿದೆ. ದೆವ್ವ ಕಿರುಚಿದ್ದರೆ ಸಹಿಸಬಹುದಿತ್ತು, ಕಿರುಚುತ್ತಿರುವುದು ಪಿಟೀಲು. ಭಾನುವಾರ ಮಧ್ಯಾಹ್ನ ಉಂಡು ಅಡ್ಡಾದ ಮನುಷ್ಯನನ್ನು ರಟ್ಟೆ ಹಿಡಿದು ಎಬ್ಬಿಸಿ ಕೂರಿಸುವ ಪಿಟೀಲು. ನನ್ನ ಹೆಂಡತಿಯೂ ನಮ್ಮ ಮನೆಗೆ ಕೆಲಸಕ್ಕೆ ಬರುವ ಶಾಂತಮ್ಮನೂ ಕೂಡಿ ಒಂದು ದೆವ್ವದ ಧಾರಾವಾಹಿ ನೋಡುತ್ತಾರೆ. ಯಾವುದೋ ಹಳೆಯ ಕಾದಂಬರಿಯಿಂದ ತೆಗೆದದ್ದಂತೆ. ಅದು ಯಾವ ಕಾದಂಬರಿ ಎಂದು ಗೊತ್ತಾದ ದಿನದಿಂದ ನನ್ನ ಭಾನುವಾರದ ನಿದ್ದೆಗೆ ಕಲ್ಲು ಬಿದ್ದಿದೆ.

ನೀವೇ ಹೇಳಿ, ದೆವ್ವದ ಕಾದಂಬರಿ ಕೈಗೆ ಸಿಕ್ಕ ಕೂಡಲೇ ಈ ತೆರೆಯವರು ಮಾಡುವ ಮೊದಲ ಕೆಲಸ ಏನು? ದೆವ್ವವನ್ನು ತಂದು ಎದುರಿಗೆ ನಿಲ್ಲಿಸುವುದು. ಕಾದಂಬರಿಕಾರ ಪಾಪ, ನೂರು ಪುಟ ಅದನ್ನು ಮುಚ್ಚಿಡಲು ಒದ್ದಾಡಿರುತ್ತಾನೆ. ಇವರು ಮೊದಲ ಕಂತಿನಲ್ಲೇ ಅದಕ್ಕೆ ಬಿಳಿ ಸೀರೆ ಉಡಿಸಿ, ಕೂದಲು ಬಿಡಿಸಿ, ಮುಖಕ್ಕೆ ಕೆಳಗಿನಿಂದ ದೀಪ ಹಿಡಿಯುತ್ತಾರೆ. ಆ ಸೀರೆಗೆ ಇಸ್ತ್ರಿ ಬೇರೆ. ಬಾವಿಯಿಂದ ಎದ್ದು ಬಂದವಳಿಗೆ ಇಸ್ತ್ರಿ ಮಾಡಿಕೊಟ್ಟವರು ಯಾರು ಎಂದು ಒಂದು ದಿನ ಕೇಳಿದೆ. ಹೆಂಡತಿ ನನ್ನತ್ತ ತಿರುಗಿ ನೋಡಿದ ನೋಟದಲ್ಲಿ ಇದ್ದಷ್ಟು ಭಯ ಆ ಇಡೀ ಧಾರಾವಾಹಿಯಲ್ಲಿ ಇಲ್ಲ.

ಆದರೆ ನನ್ನ ಸಿಟ್ಟಿಗೆ ಒಂದು ಇತಿಹಾಸವಿದೆ. ಇದೇ ಕಾದಂಬರಿಯನ್ನು ನಾನು ಎಪ್ಪತ್ತರ ದಶಕದಲ್ಲಿ ದೇವದುರ್ಗದಲ್ಲಿ ಕೇಳಿದ್ದೆ. ಓದಿದ್ದಲ್ಲ, ಕೇಳಿದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ರಾಯಚೂರಿನ ಮನೆಯಲ್ಲಿ ಎಲ್ಲರ ಕಾಲಿಗೂ ತೊಡರುತ್ತಿದ್ದ ನನ್ನನ್ನು ಅಪ್ಪ ತಮ್ಮ ತಂಗಿಯ ಮನೆಗೆ ಅಟ್ಟಿದ್ದರು. ಅವಳೇ ನೀಲಮ್ಮತ್ತೆ. ಏಳನೆಯ ಇಯತ್ತೆ ಓದಿದವಳು. ಆ ಓಣಿಯ ಹೆಂಗಸರಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಮಾವನದು ಚಿಕ್ಕ ಕಿರಾಣಿ ಅಂಗಡಿ, ಜೊತೆಗೆ ಬಿತ್ತನೆಯ ಶೇಂಗಾ ಒಡೆಸಿಕೊಡುವ ಕೆಲಸ. ಬಿತ್ತುವ ಬೀಜವನ್ನು ಯಂತ್ರಕ್ಕೆ ಹಾಕಿದರೆ ಬೇಳೆಯಾಗಿ ಹೋಗುತ್ತದೆ, ಕೈಯಿಂದಲೇ ಒಡೆಯಬೇಕು. ಹಾಗಾಗಿ ಬೇಸಿಗೆ ಮುಗಿಯುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಅತ್ತೆಯ ಪಡಸಾಲೆಯಲ್ಲಿ ಗುಂಪಾಗಿ ಕುಳಿತು ದಿನವಿಡೀ ಶೇಂಗಾ ಒಡೆಯುತ್ತಿದ್ದರು. ಹೆಬ್ಬೆರಳು ಬಾತುಕೊಳ್ಳುವ, ಬೇಸರ ಹಿಡಿಸುವ ಕೆಲಸ. ಆ ಬೇಸರ ಕಳೆಯಲು ಅತ್ತೆ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದಳು.

ಪತ್ರಿಕೆ ರಾಯಚೂರಿನ ಬಸ್ಸಿನಲ್ಲಿ ಬರಬೇಕು. ಬಂದ ದಿನ ಅತ್ತೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅದನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ಆಮೇಲೆ ಪಡಸಾಲೆಗೆ ಬಂದು ಗಟ್ಟಿಯಾಗಿ ಓದುವುದು. ಓದು ಮುಗಿದ ಮೇಲೆ ಪತ್ರಿಕೆ ನೇರ ಮಾವನ ಅಂಗಡಿಗೆ ಹೋಗಿ ಪೊಟ್ಟಣವಾಗುತ್ತಿತ್ತು. ಹೀಗಾಗಿ ಹಿಂದಿನ ಕಂತು ಹುಡುಕುತ್ತೇನೆಂದರೆ ಊರಿನ ಸಾಸಿವೆ ಡಬ್ಬಿಗಳನ್ನೆಲ್ಲ ತಡಕಬೇಕಿತ್ತು. ನಾನೇ ಒಮ್ಮೆ ಜೀರಿಗೆಯ ಪೊಟ್ಟಣ ಬಿಚ್ಚಿ ಅರ್ಧ ಪುಟ ಓದಿದ್ದುಂಟು. “ಅಷ್ಟರಲ್ಲಿ ಅವನ ಬೆನ್ನ ಹಿಂದೆ” ಎಂಬಲ್ಲಿಗೆ ಕಾಗದ ಹರಿದಿತ್ತು. ಬೆನ್ನ ಹಿಂದೆ ಏನಿತ್ತೆಂದು ಯಾರ ಮನೆಯ ಜೀರಿಗೆಗೆ ಗೊತ್ತೋ.

ಕತೆ ಇಷ್ಟೇ. ಒಂದು ಶ್ರೀಮಂತ ಮನೆಯ ಸೊಸೆ ಬಾವಿಗೆ ಬಿದ್ದು ಸಾಯುತ್ತಾಳೆ. ಕಾಲು ಜಾರಿತೆಂದು ಮನೆಯವರು ಹೇಳುತ್ತಾರೆ. ಆಮೇಲೆ ಮಟಮಟ ಮಧ್ಯಾಹ್ನ, ಯಾರೂ ಮುಟ್ಟದಿದ್ದರೂ ಬಾವಿಯ ಗಡಗಡಿ, ಅದೇ ನೀರು ಸೇದುವ ರಾಟೆ, ತಾನಾಗಿ ತಿರುಗತೊಡಗುತ್ತದೆ. ಅತ್ತೆಯ ಓದಿನಲ್ಲಿ ಕೊನೆಯ ಕಂತಿನವರೆಗೆ ದೆವ್ವ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಗಡಗಡಿಯ ಸದ್ದು, ಒದ್ದೆ ಹಗ್ಗದ ವಾಸನೆ, ಅಷ್ಟೇ. ಆ ಬಾವಿ ಇದ್ದದ್ದು ಸಿರವಾರದ ದಾರಿಯಲ್ಲಿ, ಆ ಮನೆಯವರು ಉಣ್ಣುತ್ತಿದ್ದದ್ದು ಜೋಳದ ರೊಟ್ಟಿ, ಪುಂಡಿಪಲ್ಯ. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಓದುವಾಗ ಹತ್ತಿರದಲ್ಲೆಲ್ಲೋ ನಿಜವಾದ ಗಡಗಡಿ ಕಿರ್ರೆಂದರೆ ಶೇಂಗಾ ಒಡೆಯುತ್ತಿದ್ದ ಖಾಜಾಬಿ ಎಂಬಾಕೆ ಮೊರದೊಳಗಿನ ಬೀಜವನ್ನೆಲ್ಲ ಚೆಲ್ಲಿ, ಆಮೇಲೆ ಬೆಕ್ಕಿನ ಮೇಲೆ ತಪ್ಪು ಹೊರಿಸುತ್ತಿದ್ದಳು.

ಆ ಗುಂಪಿನಲ್ಲಿ ಹನುಮವ್ವ ಎಂಬಾಕೆ ಇದ್ದಳು. ಅತ್ತೆಗೆ ತೀರ ಎದುರಾಗಿ, ಗೋಡೆಗೆ ಒರಗದೆ ಕೂರುತ್ತಿದ್ದಳು. ಮಾನ್ವಿಯ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದ ಅವಳ ಮಗಳು ಹಿಂದಿನ ವರ್ಷವಷ್ಟೇ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ನೀರು ಸೇದುವಾಗ ಜಾರಿದಳು ಎಂದು ಗಂಡನ ಮನೆಯವರು ಅಂದರು, ಹಿರಿಯರು ಹೌದೆಂದರು, ಅಲ್ಲಿಗೆ ಮುಗಿಯಿತು. ಹನುಮವ್ವ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ಅದೇ ಅಳಿಯನಿಗೆ ಇನ್ನೊಂದು ಹೆಣ್ಣು ಬೇಕಾಗಿ, ಅದೂ ಇದೇ ಓಣಿಯಲ್ಲಿ ಮಾತುಕತೆ ನಡೆದಿತ್ತು. ಆ ಹುಡುಗಿಯ ತಾಯಿಯೂ ನಮ್ಮ ಜೊತೆಗೇ ಶೇಂಗಾ ಒಡೆಯುತ್ತಿದ್ದಳು. ಈ ಕತೆಯನ್ನು ಇವರ ಮುಂದೆ ಓದುವುದೇ ಬೇಡವೆಂದು ಮಾವ ಒಮ್ಮೆ ಗದರಿದರು. ಓದುವುದು ನಿಂತ ದಿನ ಹನುಮವ್ವನೇ ಪತ್ರಿಕೆ ಬಂತೇನೆಂದು ಕೇಳಿದಳಂತೆ. ಓದು ಮತ್ತೆ ಶುರುವಾಯಿತು.

ಕೊನೆಯ ಕಂತು ಬಂದ ದಿನ ಅತ್ತೆ ಅಡುಗೆಮನೆಯಿಂದ ಹೊರಗೆ ಬರುವುದು ತಡವಾಯಿತು. ಬಂದು ಓದಿದಳು. ಮಂತ್ರವಾದಿ ಮೊಳೆ, ನಿಂಬೆಹಣ್ಣು ಹಿಡಿದು ಬಾವಿಯ ಕಟ್ಟೆಗೆ ಬರುತ್ತಾನೆ. ಗಡಗಡಿ ತಿರುಗುತ್ತದೆ. ನನ್ನನ್ನು ನೂಕಿದವರು ಯಾರು ಎಂದು ಒಳಗಿನಿಂದ ದನಿ ಕೇಳುತ್ತದೆ. ಮನೆಯವರು ತಲೆ ತಗ್ಗಿಸುತ್ತಾರೆ. ಮಂತ್ರವಾದಿ ಮೊಳೆಯನ್ನು ನೆಲಕ್ಕೆ ಬಿಸಾಕಿ, ಕೈಮುಗಿದು ಹೊರಟುಹೋಗುತ್ತಾನೆ. ಅವಳು ಒದ್ದೆ ಸೀರೆಯಲ್ಲಿ, ಹಾಡಹಗಲಲ್ಲಿ, ಊರ ನಡುವೆ ನಡೆದುಕೊಂಡು ತವರಿಗೆ ಹೋಗುತ್ತಾಳೆ. ತಾಯಿ ಹೆದರುವುದಿಲ್ಲ. ಒಣ ಸೀರೆ ಕೊಟ್ಟು, ರೊಟ್ಟಿ ಬಡಿದು ಹಾಕುತ್ತಾಳೆ. ಉಂಡ ಮೇಲೆ ಅವಳು ದೆವ್ವವಾಗಿ ಉಳಿಯುವುದಿಲ್ಲ.

ಪಡಸಾಲೆಯಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ. ಹನುಮವ್ವ ಬೆರಳಲ್ಲಿದ್ದ ಶೇಂಗಾಕಾಯಿಯನ್ನೇ ನೋಡುತ್ತ, ಯಾರಿಗೆಂದೂ ಇಲ್ಲದೆ ಹೇಳಿದಳು.

“ನನ್ನ ಮಗಳಿಗೆ ಈಸಾಕ ಬರ್ತಿತ್ತು. ಗಂಡುಹುಡುಗರಕಿಂತ ಚಲೋ ಈಸ್ತಿದ್ಲು. ಬಾವ್ಯಾಗ ಬಿದ್ದು ಹ್ಯಾಂಗ ಸಾಯ್ತಾಳ?”

ಮುಂದಿನ ವಾರ ಹೆಣ್ಣು ಕೇಳಲು ಬಂದವರು ಆ ಓಣಿಯಲ್ಲಿ ಒಂದು ತಂಬಿಗೆ ನೀರನ್ನೂ ಕಾಣದೆ ವಾಪಸು ಹೋದರು. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ಆಗುವುದಿಲ್ಲ ಎಂದುಬಿಟ್ಟಳಂತೆ.

ಇದನ್ನೆಲ್ಲ ಕಂಡು ಕೇಳಿದ ನಾನು ಆ ಕಾದಂಬರಿಕಾರನನ್ನು ದೇವರ ಪಕ್ಕದಲ್ಲಿ ಕೂರಿಸಿದೆ. ರಾಯಚೂರಿನಲ್ಲಿ ಕಾಲೇಜು ಸೇರಿದ ಮೇಲೆ ಚಹಾದಂಗಡಿಯಲ್ಲಿ ಕೂತು, ಕಾದಂಬರಿ ಎಂದರೆ ಅದು, ಉಳಿದದ್ದೆಲ್ಲ ರದ್ದಿ ಎಂದು ಭಾಷಣ ಬಿಗಿಯುತ್ತಿದ್ದೆ. ಸ್ನೇಹಿತರು ನನ್ನನ್ನು ಕಂಡರೆ ಚಹಾ ಅರ್ಧಕ್ಕೆ ಬಿಟ್ಟು ಏಳುವ ಮಟ್ಟಕ್ಕೆ ಬಂದಿತ್ತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅದು ಸಿನಿಮಾ ಆಗಿ ರಾಯಚೂರಿನ ಟಾಕೀಸಿಗೆ ಬಂತು. ನಾನು ದೇವದುರ್ಗಕ್ಕೆ ಹೋಗಿ ಎಲ್ಲರನ್ನೂ ಹೊರಡಿಸಿದೆ. ಅತ್ತೆ ಮಾತ್ರ ಒಲ್ಲೆನೆಂದಳು. ಹಿಮ್ಮಡಿ ನೋವು ಅಂದಳು, ಬಸ್ಸಿನಲ್ಲಿ ಗದ್ದಲ ಅಂದಳು, ಸಿನಿಮಾದವರು ಎಲ್ಲಾ ಕೆಡಿಸಿರುತ್ತಾರೆ ಬಿಡು ಅಂದಳು. ನಾನು ಕೇಳಲಿಲ್ಲ. ಮೂರು ತಾಸು ಬಸ್ಸಿನಲ್ಲಿ ಕುಲುಕಿ, ರೊಟ್ಟಿಯ ಗಂಟು ಸಮೇತ ಹೆಂಗಸರೆಲ್ಲ ಮ್ಯಾಟಿನಿಗೆ ಬಂದು ಕುಳಿತರು.

ಏನು ಹೇಳಲಿ? ಬಾವಿಯ ಸುತ್ತ ತೆಂಗಿನ ತೋಟ, ಹಿಂದೆ ಸಮುದ್ರ. ಸಿರವಾರದ ದಾರಿಯಲ್ಲಿ ಸಮುದ್ರ! ದೆವ್ವ ಬಂತು, ಗೆಜ್ಜೆ ಕಟ್ಟಿಕೊಂಡು ಬಂತು, ಹಾಡೂ ಹಾಡಿತು. “ಇದಕ್ಕ ಹೆದರಬೇಕೋ, ಇದರ ಜೋಡಿ ಕುಣಿಬೇಕೋ?” ಎಂದು ಖಾಜಾಬಿ ಕತ್ತಲಲ್ಲಿ ಗಟ್ಟಿಯಾಗಿಯೇ ಕೇಳಿದಳು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕೊನೆಯಲ್ಲಿ ಮಂತ್ರವಾದಿ ಬಂದು ಅವಳನ್ನು ಮರಕ್ಕೆ ಮೊಳೆ ಹೊಡೆದು ಬಂಧಿಸಿದ. ಅವಳು ಗೋಗರೆದಳು, ಅವನು ಇನ್ನೊಂದು ಏಟು ಹಾಕಿದ. ಮನೆಗೆ ಶಾಂತಿ ಬಂತು. ಗಂಡ ಮತ್ತೆ ಮದುವೆಯಾದ, ಬಾಸಿಂಗ ಕಟ್ಟಿಕೊಂಡು ನಕ್ಕ. ಮೊಳೆಯ ಮೇಲೆ ಎರಡನೆಯ ಏಟು ಬೀಳುವಾಗಲೇ ಹನುಮವ್ವ ಎದ್ದು, ಸಾಲಿನವರ ಕಾಲು ತುಳಿಯುತ್ತ ಹೊರಗೆ ನಡೆದಿದ್ದಳು.

ದೀಪ ಹತ್ತಿದ ಕೂಡಲೇ ನಾವು ಹುಡುಕಿಕೊಂಡು ಓಡಿದೆವು. ಹೊರಗೆ ಬಿಸಿಲು ಕಣ್ಣಿಗೆ ಬಡಿಯುತ್ತಿತ್ತು. ಅವಳು ಗೋಡೆ ಹಿಡಿದು ನಿಂತಿದ್ದಳು.

“ಆಕಿನ್ನ ಯಾಕ ಬಡದ್ರು?” ಎಂದಳು. “ಆಕೀದೇನು ತಪ್ಪಿತ್ತು?”

ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡಳು. “ಇದು ಸುಳ್ಳ ಅದ ಬೇ. ಪುಸ್ತಕದಾಗ ಹಿಂಗ ಇಲ್ಲ. ನಾ ಓದೀನಲ್ಲ.”

ನಾನೂ ದನಿ ಸೇರಿಸಿದೆ. ಕಾದಂಬರಿಯ ಕೊನೆಯನ್ನು ಯಾರನ್ನು ಕೇಳಿ ಬದಲಾಯಿಸಿದಿರಿ ಎಂದು ಗೇಟಿನವನ ಮೇಲೆ ಏರಿಹೋದೆ. ತಾನು ಬರೀ ಗೇಟು ಕಾಯುವವನೆಂದು ಅವನು ಪದೇ ಪದೇ ಹೇಳಿದರೂ ಬಿಡಲಿಲ್ಲ. ಹನುಮವ್ವ ನಮ್ಮಿಬ್ಬರ ಮುಖವನ್ನೂ ನೋಡಿ, ಹೌದಾದರೆ ಸರಿ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಚಹಾದಂಗಡಿಯಲ್ಲಿ ನನ್ನ ಭಾಷಣಕ್ಕೆ ಎರಡನೆಯ ಭಾಗ ಸೇರಿತು: ಒಳ್ಳೆಯ ಕಾದಂಬರಿಯನ್ನು ಸಿನಿಮಾದವರು ಕೊಲ್ಲುವ ಬಗೆ. ಕೇಳಿ ಕೇಳಿ ಸಾಕಾದ ಒಬ್ಬ ಗೆಳೆಯ, ಅಷ್ಟೊಂದು ಹಾರಾಡುತ್ತೀಯಲ್ಲ, ತಗೋ ಎಂದು ಗ್ರಂಥಾಲಯದಿಂದ ಆ ಕಾದಂಬರಿಯನ್ನೇ ತಂದು ನನ್ನ ಮುಂದೆ ಒಗೆದ. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಮೊದಲ ಪುಟದಲ್ಲೇ ಸಮುದ್ರ. ತೆಂಗಿನ ತೋಟ. ಗೆಜ್ಜೆ. ಕೊನೆಗೆ ಬಂದರೆ ಮಂತ್ರವಾದಿ, ಮರ, ಮೊಳೆ, ಎರಡನೆಯ ಏಟು, ಬಾಸಿಂಗ. ಸಿನಿಮಾದವರು ಕಾದಂಬರಿಯ ಒಂದು ಕೂದಲನ್ನೂ ಕೊಂಕಿಸಿರಲಿಲ್ಲ.

ನನಗಾದ ಸಿಟ್ಟನ್ನು ನೀವು ಊಹಿಸಬೇಕು. ಇಷ್ಟು ವರ್ಷ ನಾನು ದೇವರ ಪಕ್ಕದಲ್ಲಿ ಕೂರಿಸಿದವನು ಒಬ್ಬ ಸಾಧಾರಣ ಬರಹಗಾರ, ನಾನು ಬೈದದ್ದು ಒಂದು ಪ್ರಾಮಾಣಿಕ ಸಿನಿಮಾವನ್ನು, ಪಾಪದ ಗೇಟಿನವನನ್ನು. ಮರುದಿನವೇ ಬಸ್ಸು ಹತ್ತಿದೆ. ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಇಲ್ಲದ್ದನ್ನು ಇದೆಯೆಂದು ಓದಬಹುದೇ, ಬರೆದವನಿಗೆ ಮೋಸವಲ್ಲವೇ ಎಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ಅವಳು ಮೊರ ಕೆಳಗಿಡದೆ ನನ್ನ ಭಾಷಣವೆಲ್ಲ ಮುಗಿಯುವವರೆಗೆ ಕೇಳಿದಳು. ಸುಳ್ಳು ಹೇಳಿದ್ದಕ್ಕೆ ಅವಳಿಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ.

“ಬರದಾಂವ ಎಲ್ಲೋ ಕುಂತು ಬರದ,” ಎಂದಳು. “ಹನುಮವ್ವ ನನ್ನ ಮುಂದ ಕುಂತಿದ್ಲು. ಆಕಿ ಮುಖ ನೋಡಿಕೋತ ಆ ಮೊಳಿ ನಾ ಹ್ಯಾಂಗ ಹೊಡೀಲಿ, ಹೇಳು?”

ಆಗ ನಾನು ಚಪ್ಪಲಿ ಬಿಟ್ಟೆ. ಅತ್ತೆ ನನಗೆ ರೊಟ್ಟಿ ಬಡಿದು ಹಾಕಿದಳು, ನಾನು ಉಂಡೆ. ಚಹಾದಂಗಡಿಯ ಭಾಷಣ ಅಲ್ಲಿಗೆ ನಿಂತಿತು. ಹನುಮವ್ವನಿಗೆ ನಾವಿಬ್ಬರೂ ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಇರುವುದು ಬೇರೆ ಎಂದೇ ನಂಬಿಕೊಂಡು ಅವಳು ತೀರಿಹೋದಳು.

ಆ ದಶಕದ ಕೊನೆಗೆ ಟಿವಿ ಬಂತು. ಪೆಟ್ಟಿಗೆಯ ಅಳತೆಗೆ ದೆವ್ವ ಕುಳ್ಳಾಯಿತು, ನಡುನಡುವೆ ಸೋಪಿನ ಜಾಹೀರಾತಿಗೆ ದಾರಿ ಬಿಟ್ಟುಕೊಡುವಷ್ಟು ಸೌಜನ್ಯವನ್ನೂ ಕಲಿಯಿತು. ಈಗ ಇದೇ ಕಾದಂಬರಿ ಮತ್ತೆ ಬಂದಿದೆ. ಮೂಲಕ್ಕೆ ಒಂದಕ್ಷರ ಚ್ಯುತಿ ಬಾರದಂತೆ ತೆಗೆದಿದ್ದಾರಂತೆ, ಎಲ್ಲರೂ ಹೊಗಳುತ್ತಿದ್ದಾರಂತೆ. ಮೊದಲೆಲ್ಲ ಮೂಲದಂತೆ ತೆಗೆಯಲಿಲ್ಲವೆಂದು ಉರಿಯುತ್ತಿದ್ದೆ, ಈಗ ಮೂಲದಂತೆಯೇ ತೆಗೆದರೆಂದು ಉರಿಯುತ್ತೇನೆ. ನನ್ನಂಥವನನ್ನು ಕಟ್ಟಿಕೊಂಡ ಹೆಂಡತಿಯ ಕಷ್ಟ ನನಗೂ ಅರ್ಥವಾಗುತ್ತದೆ.

ಪಿಟೀಲು ನಿಂತಿತು. ಎದ್ದು ಹೋಗಿ ನೋಡಿದರೆ ಗಡಗಡಿ ತಿರುಗುವಲ್ಲಿಗೆ ಕಂತು ಮುಗಿದಿದೆ. ಮುಂದಿನ ಭಾನುವಾರವೇ ಕೊನೆಯ ಕಂತು. ಅಲ್ಲಿಯವರೆಗೆ ಯಾರು ಕಾಯಬೇಕು, ನೀವು ಓದಿದ್ದೀರಲ್ಲ, ಹೇಳಿ ಎಂದು ಹೆಂಡತಿ ದುಂಬಾಲು ಬಿದ್ದಳು. ಶಾಂತಮ್ಮ ಬಾಗಿಲಿಗೆ ಒರಗಿ ಕೂತಿದ್ದಳು. ಗಂಡನ ಮನೆಯ ಏಟು ತಾಳಲಾರದೆ ಅವಳ ಮಗಳು ತಿಂಗಳಿಂದ ತಾಯಿಯ ಬಳಿ ಬಂದಿದ್ದಾಳೆ. ತಿಳಿಹೇಳಿ ವಾಪಸು ಕಳಿಸಿಬಿಡು ಎಂದು ಹಿರಿಯರು ಬೆನ್ನು ಬಿದ್ದಿದ್ದಾರೆ. ಕಳಿಸುವುದೋ ಬಿಡುವುದೋ ಎಂದು ಇವಳು ಬೆಳಿಗ್ಗೆಯೇ ನನ್ನ ಹೆಂಡತಿಯ ಮುಂದೆ ಅತ್ತಿದ್ದಳು.

ನಾನು ಶಾಂತಮ್ಮನ ಮುಖ ನೋಡಿದೆ.

“ಆಕಿ ಬಾವಿಗೆ ಬೀಳೂದೇ ಇಲ್ಲ,” ಎಂದೆ. “ಅದಕ್ಕೂ ಮೊದಲೇ ತವರಿಗೆ ಬರ್ತಾಳ. ಬಂದಾಕಿನ್ನ ತಾಯಿ ತಿರುಗಿ ಕಳಸೂದಿಲ್ಲ.”

ಹೆಂಡತಿಗೆ ರೇಗಿತು. ಇಷ್ಟು ದಿನ ಆ ಬಾವಿಯಿಂದ ಎದ್ದು ಬಂದವಳು ಯಾರು ಹಾಗಾದರೆ ಎಂದು ಟಿವಿಯ ಕಡೆ ಕೈ ಮಾಡಿದಳು.

“ಹಂಗಾದ್ರ ಇದು ದೆವ್ವದ ಕತಿ ಹ್ಯಾಂಗ ಆಗ್ತದರೀ?” ಎಂದು ಅವಳೇ ಮತ್ತೆ ಕೇಳಿದಳು.

“ಆಗೂದಿಲ್ಲ,” ಎಂದೆ.